ತಳಿ ಪಟ್ಟಿಯ ಒಂದು ‘ಆರ್’: ಆಲ್ಬರ್ಟಾದ ಕನೋಲಾ ಹೊಲಗಳಲ್ಲಿ ನಿರೋಧಕ ತಳಿ ಸೋತ ಪ್ರಕರಣ

2013ನೇ ಇಸವಿ. ಕೆನಡಾದ ಆಲ್ಬರ್ಟಾ ಪ್ರಾಂತ್ಯ, ಎಡ್ಮಂಟನ್ ನಗರದ ಆಸುಪಾಸಿನ ಬಯಲು. ಕನೋಲಾ ಬೆಳೆ ಕಾಳು ಕಟ್ಟುವ ಹೊತ್ತು. ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಗಿಡಗಳು ಬಾಡಿ ನಿಂತಿವೆ, ಕೆಲವು ಅವಧಿಗೆ ಮೊದಲೇ ಒಣಗಿ ಬಣ್ಣ ತಿರುಗಿವೆ. ಕಿತ್ತು ನೋಡಿದರೆ ಬೇರು ಬೇರಿನ ಹಾಗೇ ಇಲ್ಲ. ಊದಿಕೊಂಡು, ತಿರುಚಿಕೊಂಡು, ಗಂಟುಗಂಟಾಗಿದೆ. ಇದು ಕ್ಲಬ್‌ರೂಟ್ ರೋಗ. ಆಲ್ಬರ್ಟಾದ ರೈತರಿಗೆ ಆಗಲೇ ಹತ್ತು ವರ್ಷದಿಂದ ಗೊತ್ತಿದ್ದ ರೋಗ. ಆದರೆ ಈ ಹೊಲಗಳಲ್ಲಿ ಬಿತ್ತಿದ್ದು ಕ್ಲಬ್‌ರೂಟ್ ನಿರೋಧಕ ತಳಿ. ಈ ರೋಗ ಬರಬಾರದು ಅಂತಲೇ ಆರಿಸಿ ಬಿತ್ತಿದ ಗಿಡಕ್ಕೇ ಅದು ಬಂದಿತ್ತು.

ಮೊದಲ ನಿರೋಧಕ ಕನೋಲಾ ತಳಿ ಅಲ್ಲಿನ ರೈತರ ಕೈ ಸೇರಿದ್ದು 2009ರಲ್ಲಿ. ಅಂದರೆ ಬರೀ ನಾಲ್ಕು ವರ್ಷ. ಒಂದು ತಳಿಯನ್ನು ಬೆಳೆಸಿ ಹೊರಗೆ ತರಲು ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ಬೇಕು. ನಾಲ್ಕು ವರ್ಷದಲ್ಲಿ ಅದರ ನಿರೋಧಕ ಶಕ್ತಿಗೆ ತೂತು ಬಿದ್ದಿದ್ದು ಹೇಗೆ, ಯಾರೂ ಎಚ್ಚರಿಸಿರಲಿಲ್ಲವಾ, ತಡೆಯಲು ಆಗುತ್ತಿತ್ತಾ? ಇಲ್ಲಿ ಹೇಳಹೊರಟಿರುವುದು ಅದನ್ನೇ. ತಳಿ ಚೆನ್ನಾಗಿಯೇ ಇತ್ತು, ಅದನ್ನು ಬಳಸಿದ ರೀತಿ ಸರಿ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹಂತ ಹಂತವಾಗಿ ನೋಡೋಣ.

ರೋಗ ಎಂಥದ್ದು

ಕನೋಲಾ ಅಂದರೆ ಎಣ್ಣೆಗಾಗಿ ಬೆಳೆಯುವ ರೇಪ್‌ಸೀಡ್‌ನ ಒಂದು ಬಗೆ, ಸಾಸಿವೆ ಮತ್ತು ಎಲೆಕೋಸಿನ ನೆಂಟ. ಎಣ್ಣೆಯಲ್ಲಿ ಎರುಸಿಕ್ ಆಮ್ಲ, ಹಿಂಡಿಯಲ್ಲಿ ಗ್ಲುಕೋಸಿನೋಲೇಟ್ ಎರಡೂ ಕಡಿಮೆ ಇರುವಂತೆ ಕೆನಡಾದಲ್ಲೇ ಅಭಿವೃದ್ಧಿ ಮಾಡಿದ ಬೆಳೆ ಇದು. ಆ ಎರಡೂ ಗುಣ ಇದ್ದ ಮೊದಲ ತಳಿ ‘ಟವರ್’ 1974ರಲ್ಲಿ ಬಂತು. ಎಲೆಕೋಸಿನ ನೆಂಟ ಅಂದಮೇಲೆ ಎಲೆಕೋಸಿನ ರೋಗಗಳೂ ಇದಕ್ಕೆ ಅಂಟುತ್ತವೆ. ಕ್ಲಬ್‌ರೂಟ್ ಅವುಗಳಲ್ಲಿ ಒಂದು.

ರೋಗಾಣುವಿನ ಹೆಸರು ಪ್ಲಾಸ್ಮೋಡಿಯೋಫೋರಾ ಬ್ರಾಸಿಕೆ. ರಷ್ಯಾದಲ್ಲಿ ಎಲೆಕೋಸು ಬೆಳೆ ನೆಲಕಚ್ಚಿದಾಗ ಕಾರಣ ಹುಡುಕಲು ಹೊರಟ ಮಿಖಾಯಿಲ್ ವೊರೊನಿನ್ 1878ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಇದನ್ನು ಶಿಲೀಂಧ್ರಗಳ ಜೊತೆಗೇ ಸೇರಿಸಿ ಓದುತ್ತಿದ್ದರು. ಈಗಲೂ ಬಹಳ ಜನ ಮಣ್ಣಿನ ಶಿಲೀಂಧ್ರ ರೋಗ ಅಂತಲೇ ಕರೆಯುತ್ತಾರೆ. ನಿಜದಲ್ಲಿ ಇದು ಶಿಲೀಂಧ್ರ ಅಲ್ಲ, ಪ್ರೋಟಿಸ್ಟ್ ಗುಂಪಿಗೆ ಸೇರಿದ ಏಕಕೋಶ ಜೀವಿ. ಹೆಸರಿಗಾಗಿ ಜಗಳ ಬೇಡ, ಆದರೆ ಇದರ ಒಂದು ಗುಣ ಮಾತ್ರ ಮುಂದೆ ಬೇಕಾಗುತ್ತದೆ: ಇದು ಜೀವಂತ ಗಿಡದೊಳಗೆ ಮಾತ್ರ ಬೆಳೆಯುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಹಾಕಿ ಬೆಳೆಸಲು ಆಗುವುದಿಲ್ಲ. ಹಾಗಾಗಿ ಯಾವ ಪರೀಕ್ಷೆ ಮಾಡಬೇಕಾದರೂ ಗಿಡ ಬಿತ್ತಿ, ಸೋಂಕು ಕೊಟ್ಟು, ಆರರಿಂದ ಎಂಟು ವಾರ ಕಾದು, ಬೇರು ಕಿತ್ತು ನೋಡಬೇಕು.

ಮಣ್ಣಿನಲ್ಲಿ ಇದು ದಪ್ಪ ಗೋಡೆಯ ಬೀಜಕಗಳಾಗಿ ಮಲಗಿರುತ್ತದೆ. ಹತ್ತಿರದಲ್ಲಿ ಸಾಸಿವೆ ಕುಲದ ಬೇರು ಬಂದರೆ ಬೀಜಕ ಮೊಳೆತು, ಈಜುವ ಸಣ್ಣ ಕೋಶವೊಂದು ಹೊರಬಂದು, ಮಣ್ಣಿನ ತೇವದಲ್ಲಿ ಈಜಿ ಬೇರಿನ ರೋಮಕ್ಕೆ ನುಗ್ಗುತ್ತದೆ. ಇದು ಮೊದಲ ಹಂತ. ಅಲ್ಲಿ ಸಂಖ್ಯೆ ಬೆಳೆಸಿಕೊಂಡು ಎರಡನೇ ಹಂತದಲ್ಲಿ ಬೇರಿನ ತೊಗಟೆಯೊಳಗೆ ಇಳಿಯುತ್ತದೆ. ಆಗ ಗಿಡದ ಆಕ್ಸಿನ್, ಸೈಟೋಕೈನಿನ್ ಹಾರ್ಮೋನುಗಳ ಲೆಕ್ಕ ತಪ್ಪಿ ಕೋಶಗಳು ಊದಿ, ಗಂಟು ಕಟ್ಟುತ್ತದೆ. ಎಲೆ ತಯಾರಿಸಿದ ಸಕ್ಕರೆ ಕಾಳಿಗೆ ಹೋಗುವ ಬದಲು ಗಂಟಿಗೆ ಹೋಗುತ್ತದೆ, ನೀರು ಮೇಲೆ ಏರುವುದಿಲ್ಲ. ಕೊನೆಗೆ ಗಂಟು ಕೊಳೆತು ಕೋಟಿಗಟ್ಟಲೆ ಹೊಸ ಬೀಜಕಗಳು ಮತ್ತೆ ಮಣ್ಣಿಗೆ ಬೀಳುತ್ತವೆ. ಹುಳಿ ಮಣ್ಣು, ಬೆಚ್ಚಗಿನ ಮಣ್ಣು, ತೇವ ಮೂರೂ ಕೂಡಿದರೆ ಇದಕ್ಕೆ ಹಬ್ಬ. ಕೆನಡಾದಲ್ಲಿ ನಷ್ಟ ಅಂದಾಜು ಮಾಡಲು ಒಂದು ಸುಲಭ ಲೆಕ್ಕ ಇದೆ: ಹೊಲದಲ್ಲಿ ಶೇಕಡಾ ಎಷ್ಟು ಗಿಡಕ್ಕೆ ಸೋಂಕು ತಗುಲಿದೆಯೋ ಅದರ ಸುಮಾರು ಅರ್ಧದಷ್ಟು ಇಳುವರಿ ಹೋಯಿತು ಅಂತ.

ನಿರೋಧಕ ತಳಿಯಲ್ಲೂ ಮೊದಲ ಹಂತ ನಡೆಯುತ್ತದೆ. ಬೇರಿನ ರೋಮಕ್ಕೆ ರೋಗಾಣು ನುಗ್ಗುತ್ತದೆ. ತಡೆ ಬೀಳುವುದು ಎರಡನೇ ಹಂತದಲ್ಲಿ. ಅಂದರೆ ನಿರೋಧಕ ತಳಿ ಬಿತ್ತಿದ ಹೊಲದಲ್ಲಿ ರೋಗಾಣು ಮತ್ತು ಗಿಡ ಪ್ರತಿ ಸಲವೂ ಮುಖಾಮುಖಿ ಆಗುತ್ತಲೇ ಇರುತ್ತವೆ. ಮೇಲಿಂದ ನೋಡಿದರೆ ಹೊಲ ಹಸಿರಾಗಿರುತ್ತದೆ, ಕೆಳಗೆ ಆಯ್ಕೆ ನಡೆಯುತ್ತಿರುತ್ತದೆ.

2003ರಿಂದ 2009ರವರೆಗೆ

ಕೆನಡಾದಲ್ಲಿ ಕ್ಲಬ್‌ರೂಟ್ ಹೊಸದಲ್ಲ. ಪೂರ್ವದ ಪ್ರಾಂತ್ಯಗಳಲ್ಲಿ, ಬ್ರಿಟಿಷ್ ಕೊಲಂಬಿಯಾದಲ್ಲಿ ತರಕಾರಿ ಬೆಳೆಯುವವರಿಗೆ ಇದು ಹಳೆಯ ಕಾಟ. ಆದರೆ ಕನೋಲಾದ ತವರಾದ ಪ್ರೇರಿ ಬಯಲಿನ ಹೊಲಗಳಲ್ಲಿ ಕಂಡಿದ್ದು 2003ರಲ್ಲಿ. ಎಡ್ಮಂಟನ್ ಹತ್ತಿರ 12 ಹೊಲಗಳಲ್ಲಿ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಸಮೀಕ್ಷೆ ಮಾಡಿದಂತೆಲ್ಲ ಸಂಖ್ಯೆ ಏರುತ್ತಾ ಹೋಯಿತು. 2007ರಲ್ಲಿ ಪ್ರಾಂತ್ಯ ಸರ್ಕಾರ ತನ್ನ ಕೃಷಿ ಪೀಡೆ ಕಾಯ್ದೆಯಡಿ ಕ್ಲಬ್‌ರೂಟನ್ನು ಪೀಡೆ ಅಂತ ಘೋಷಿಸಿತು. ಅದರಿಂದ ಸ್ಥಳೀಯ ಕೌಂಟಿಗಳ ಇನ್‌ಸ್ಪೆಕ್ಟರುಗಳಿಗೆ ಹೊಲಕ್ಕೆ ಇಳಿದು ನೋಡುವ, ನೋಟಿಸು ಕೊಡುವ ಅಧಿಕಾರ ಬಂತು.

ಹರಡುತ್ತಿದ್ದ ದಾರಿ ಬೇಗನೇ ಗೊತ್ತಾಯಿತು. ಹೊಲದ ಬಾಯಿಯಲ್ಲಿ, ಅಂದರೆ ಯಂತ್ರ ಒಳಗೆ ಬರುವ ಜಾಗದಲ್ಲಿ, ರೋಗ ಎಲ್ಲಕ್ಕಿಂತ ಜಾಸ್ತಿ. ಅಲ್ಲಿಂದ ಒಳಗೆ ಹೋದಂತೆ ಕಡಿಮೆ. ಟ್ರ್ಯಾಕ್ಟರು, ಉಳುವ ಯಂತ್ರಗಳ ಚಕ್ರಕ್ಕೆ ಮೆತ್ತಿಕೊಂಡ ಮಣ್ಣು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗಿ ಮೊದಲು ಉದುರುವುದು ಗೇಟಿನ ಹತ್ತಿರವೇ ಅಲ್ವಾ. ಆಲ್ಬರ್ಟಾದಲ್ಲಿ ಇನ್ನೂ ಒಂದು ತೊಡಕಿತ್ತು. ಅಲ್ಲಿ ಹೊಲಗಳ ನಡುವೆ ತೈಲ ಮತ್ತು ಅನಿಲದ ಕೆಲಸ ನಡೆಯುತ್ತದೆ, ಪೈಪ್‌ಲೈನ್ ಹಾಕುವವರ ದೊಡ್ಡ ಯಂತ್ರಗಳು ಒಬ್ಬರ ಜಮೀನಿನಿಂದ ಇನ್ನೊಬ್ಬರ ಜಮೀನಿಗೆ ಓಡಾಡುತ್ತವೆ. ರೈತ ತನ್ನ ಯಂತ್ರ ತೊಳೆದುಕೊಂಡರೂ ಬೇರೆಯವರ ಚಕ್ರದ ಮಣ್ಣಿಗೆ ಏನು ಮಾಡುವುದು?

ಯಂತ್ರ ತೊಳೆಯುವುದು ಅಂದರೆ ಸಣ್ಣ ಕೆಲಸ ಅಲ್ಲ, ಇದನ್ನು ಮಾಡಿದವರಿಗೇ ಗೊತ್ತು. ಮೊದಲು ಮಣ್ಣಿನ ಹೆಂಟೆ ಕೆರೆದು ಬೀಳಿಸಬೇಕು. ಆಮೇಲೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಆಮೇಲೆ ಬ್ಲೀಚ್ ದ್ರಾವಣ ಸಿಂಪಡಿಸಿ ಸ್ವಲ್ಪ ಹೊತ್ತು ಒದ್ದೆಯಾಗಿಯೇ ಬಿಡಬೇಕು. ಒಂದು ದೊಡ್ಡ ಬಿತ್ತನೆ ಯಂತ್ರಕ್ಕೆ ಇದೆಲ್ಲ ಮಾಡಲು ಗಂಟೆಗಟ್ಟಲೆ ಹೊತ್ತು ಬೇಕು, ಬಿತ್ತನೆಯ ಕಾಲದಲ್ಲಿ ಗಂಟೆಗಟ್ಟಲೆ ಹೊತ್ತು ಯಾರ ಹತ್ತಿರವೂ ಇರುವುದಿಲ್ಲ. ಉಳಿದ ದಾರಿ ಬೆಳೆ ಬದಲಾವಣೆ. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಕನೋಲಾ ಬಿತ್ತಿ ಅಂತ ಸಲಹೆ ಬಂತು. ಆದರೆ ಅಲ್ಲಿ ರೂಢಿಯಲ್ಲಿದ್ದದ್ದು ಒಂದು ವರ್ಷ ಗೋಧಿ, ಒಂದು ವರ್ಷ ಕನೋಲಾ. ಲಾಭ ತಂದುಕೊಡುತ್ತಿದ್ದ ಬೆಳೆಯೂ ಅದೇ. ಸಾಲ ಇರುವ ರೈತನಿಗೆ ಮೂರು ವರ್ಷ ಆ ಬೆಳೆ ಬಿಡು ಅಂದರೆ ಹೇಗೆ? ನಾನು ಅವರನ್ನು ದೂರುವುದಿಲ್ಲ.

ಇಂಥ ಹೊತ್ತಿನಲ್ಲಿ 2009ರಲ್ಲಿ ಪಯೋನಿಯರ್ ಕಂಪನಿಯ 45ಎಚ್29 ಅನ್ನುವ ನಿರೋಧಕ ಹೈಬ್ರಿಡ್ ಬಂತು. ಹಿಂದೆಯೇ ಬೇರೆ ಕಂಪನಿಗಳ ತಳಿಗಳೂ ಬಂದವು. ರೋಗ ತುಂಬಿದ ಹೊಲದಲ್ಲಿ ಬಿತ್ತಿದರೂ ಬೇರು ಬಿಳಿಯಾಗಿ ಸ್ವಚ್ಛವಾಗಿ ಬಂತು. ಅದನ್ನು ನೋಡಿದ ರೈತನಿಗೆ ಎಷ್ಟು ಸಮಾಧಾನ ಆಗಿರಬೇಕು ಯೋಚಿಸಿ. ಯಂತ್ರ ತೊಳೆಯುವುದು ಬೇಡ, ಬೆಳೆ ಬಿಡುವುದು ಬೇಡ, ಬೀಜ ಬದಲಾಯಿಸಿದರೆ ಸಾಕು. ನನ್ನ ಪ್ರಕಾರ ಪ್ರಕರಣ ಕೈತಪ್ಪಿದ್ದು ಆ ಸಮಾಧಾನದಲ್ಲೇ. ತಳಿ ಬಂದದ್ದು ಉಳಿದ ಎರಡು ಕೆಲಸಗಳ ಜೊತೆಗೆ ಸೇರಿಕೊಳ್ಳಲು. ಬಹಳ ಹೊಲಗಳಲ್ಲಿ ಅದು ಆ ಎರಡರ ಜಾಗದಲ್ಲೇ ಕೂತಿತು. ಒಂದು ವರ್ಷ ಬಿಟ್ಟು ಒಂದು ವರ್ಷ ಕನೋಲಾ ಮುಂದುವರಿಯಿತು, ಅದೂ ರೋಗ ಜಾಸ್ತಿ ಇದ್ದ ಹೊಲಗಳಲ್ಲೇ, ಯಾಕೆಂದರೆ ನಿರೋಧಕ ತಳಿ ಬೇಕಾಗಿದ್ದೇ ಅಲ್ಲಿಗೆ.

‘ಆರ್’ ಅಂದರೆ ಏನು

ಈ ಅಕ್ಷರದ ಅರ್ಥ ಬಿಡಿಸದೆ ಮುಂದೆ ಹೋಗಲು ಆಗದು. ತಳಿ ಪಟ್ಟಿಯಲ್ಲಿ ನಿರೋಧಕ ತಳಿಯ ಮುಂದೆ ಇಂಗ್ಲಿಷಿನ ‘ಆರ್’ ಅಕ್ಷರ ಇರುತ್ತದೆ, ‘ರೆಸಿಸ್ಟೆಂಟ್’ ಅಂದರೆ ನಿರೋಧಕ ಅನ್ನುವುದರ ಮೊದಲ ಅಕ್ಷರ. ಅದನ್ನು ಕೊಡುವ ಬಗೆ ಹೀಗೆ. ಸೋಂಕು ಕೊಟ್ಟ ಗಿಡಗಳ ಬೇರು ಕಿತ್ತು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತಾರೆ. ಸೊನ್ನೆ ಅಂದರೆ ಗಂಟಿಲ್ಲ, ಮೂರು ಅಂದರೆ ಬೇರೆಲ್ಲ ಗಂಟು. ಅದರಿಂದ ಒಂದು ರೋಗ ಸೂಚ್ಯಂಕ ಬರುತ್ತದೆ. ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯ ಸೂಚ್ಯಂಕವನ್ನು ನೂರು ಅಂತ ಇಟ್ಟುಕೊಂಡರೆ, ಹೊಸ ತಳಿಯದ್ದು 30ಕ್ಕಿಂತ ಕಡಿಮೆ ಬಂದರೆ ಅದಕ್ಕೆ ‘ಆರ್’.

ಮೂವತ್ತು. ಸೊನ್ನೆ ಅಲ್ಲ. ಅಂದರೆ ‘ಆರ್’ ಇರುವ ತಳಿಯಲ್ಲೂ ಸ್ವಲ್ಪ ಗಂಟು ಬರಬಹುದು, ಅದು ನಿಯಮದ ಒಳಗೇ ಇದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಆ ಪರೀಕ್ಷೆ ನಡೆದದ್ದು ಆಗ ಗೊತ್ತಿದ್ದ ರೋಗಾಣು ಬಗೆಗಳ ಎದುರು. ಯಾವ ಗಿಡಕ್ಕೆ ಗಂಟು ಹಾಕುತ್ತದೆ ಅನ್ನುವುದರ ಮೇಲೆ ಈ ರೋಗಾಣುವನ್ನು ಬಗೆಗಳಾಗಿ ವಿಂಗಡಿಸಿ ಸಂಖ್ಯೆ ಕೊಡುತ್ತಾರೆ. ಆಲ್ಬರ್ಟಾದಲ್ಲಿ ಆಗ ಹೆಚ್ಚಾಗಿ ಸಿಗುತ್ತಿದ್ದದ್ದು 3ನೇ ಬಗೆ. ‘ಆರ್’ ಅಂದರೆ ಇವುಗಳನ್ನು ತಡೆಯುತ್ತದೆ ಅಂತ ಮಾತ್ರ. ಮಣ್ಣಿನಲ್ಲಿ ಇರುವ, ಇನ್ನೂ ಯಾರೂ ಪರೀಕ್ಷೆ ಮಾಡದ ಬಗೆಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಆ ಅಕ್ಷರ ಮುಚ್ಚಿಟ್ಟ ಮೂರನೇ ಸಂಗತಿಯೇ ಎಲ್ಲಕ್ಕಿಂತ ದೊಡ್ಡದು. ನಿರೋಧಕ ಶಕ್ತಿ ಎಲ್ಲಿಂದ ಬಂತು? ಯುರೋಪಿನಲ್ಲಿ ‘ಮೆಂಡೆಲ್’ ಅನ್ನುವ ಚಳಿಗಾಲದ ರೇಪ್‌ಸೀಡ್ ತಳಿ ಇದೆ, ಕ್ಲಬ್‌ರೂಟ್ ತಡೆಯುವ ಶಕ್ತಿಗೆ ಹೆಸರಾದದ್ದು. ಕೆನಡಾದ ಮೊದಲ ತಲೆಮಾರಿನ ನಿರೋಧಕ ತಳಿಗಳ ವಂಶವಾಹಿ ತೆಗೆದು ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ಎ3 ಕ್ರೋಮೋಸೋಮಿನ ಮೇಲಿನ ಮೆಂಡೆಲ್ ಮಾದರಿಯ ನಿರೋಧಕ ಶಕ್ತಿಯನ್ನೇ ಹೊತ್ತಿದ್ದವು. ಕಂಪನಿ ಬೇರೆ, ತಳಿಯ ಹೆಸರು ಬೇರೆ, ಚೀಲದ ಬಣ್ಣ ಬೇರೆ. ಒಳಗಿರುವ ತಡೆ ಮಾತ್ರ ಒಂದೇ. ಈ ವರ್ಷ ಒಂದು ಕಂಪನಿಯ ತಳಿ, ಇನ್ನೊಂದು ಸಲ ಮತ್ತೊಂದು ಕಂಪನಿಯ ತಳಿ ಬಿತ್ತಿದ ರೈತ ತಾನು ತಳಿ ಬದಲಾಯಿಸುತ್ತಿದ್ದೇನೆ ಅಂದುಕೊಂಡಿದ್ದ. ರೋಗಾಣುವಿನ ಮಟ್ಟಿಗೆ ಅವನು ಏನೂ ಬದಲಾಯಿಸಿರಲಿಲ್ಲ.

ಇದರಲ್ಲಿ ರೈತನ ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ಅವನ ಕೈಗೆ ಸಿಕ್ಕಿದ್ದು ಒಂದು ಅಕ್ಷರ. ಆ ಅಕ್ಷರ ನೋಡಿ ಎರಡು ತಳಿಗಳ ಒಳಗಿನ ಜೀನ್ ಒಂದೇನಾ ಬೇರೆನಾ ಅಂತ ಕಂಡುಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ.

ಹೊಲದಲ್ಲಿ ಕಂಡದ್ದನ್ನು ಖಚಿತ ಮಾಡಿಕೊಂಡ ಬಗೆ

ಈಗ 2013ಕ್ಕೆ ವಾಪಸ್ ಬರೋಣ. ನಿರೋಧಕ ತಳಿಯ ಹೊಲದಲ್ಲಿ ಗಂಟು ಕಂಡ ತಕ್ಷಣ ತಳಿ ಸೋತಿತು ಅನ್ನಲು ಆಗುವುದಿಲ್ಲ. ಬೇರೆ ಕಾರಣಗಳೂ ಇರುತ್ತವೆ. ಹಿಂದಿನ ಬೆಳೆಯಲ್ಲಿ ಉದುರಿದ ಕನೋಲಾ ಬೀಜ ಮಣ್ಣಿನಲ್ಲಿ ಉಳಿದು ತಾನಾಗಿ ಹುಟ್ಟಿರಬಹುದು, ಅದು ಹಳೆಯ ದುರ್ಬಲ ತಳಿಯ ಗಿಡ. ಹೈಬ್ರಿಡ್ ಬೀಜದ ಜೊತೆಗೇ ಗುಣ ಬೆರೆಯದ ಕೆಲವು ಬೀಜಗಳು ಬಂದಿರಬಹುದು. ಇವಕ್ಕೆ ಗಂಟು ಬಂದರೆ ಅದರಲ್ಲಿ ಆಶ್ಚರ್ಯ ಇಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಗಂಟಿರುವ ಗಿಡ ಬಿತ್ತನೆಯ ಸಾಲಿನಲ್ಲಿದೆಯಾ, ಸಾಲುಗಳ ನಡುವೆ ಇದೆಯಾ ಅಂತ. ಆಮೇಲೆ ನೋಡಬೇಕಾದದ್ದು ಅಂಥ ಗಿಡಗಳು ಹೊಲದ ತುಂಬ ಅಲ್ಲೊಂದು ಇಲ್ಲೊಂದು ಚದುರಿವೆಯಾ, ಒಂದೇ ಕಡೆ ಗುಂಪಾಗಿವೆಯಾ ಅಂತ. ಚದುರಿದ್ದರೆ ಬೆರಕೆ ಗಿಡಗಳ ಅನುಮಾನ. ಸಾಲಿನಲ್ಲೇ, ಒಂದೇ ಜಾಗದಲ್ಲಿ ಹತ್ತಾರು ಗಿಡ ಒಟ್ಟಿಗೆ ಗಂಟು ಕಟ್ಟಿದ್ದರೆ ಎದೆ ಧಸಕ್ ಅನ್ನಬೇಕು.

ಇನ್ನೊಂದು ಮೋಸ ಹೋಗುವ ಜಾಗ ಇದೆ. ಮೇಲಿನಿಂದ ನೋಡಿದರೆ ಬಾಡುವುದು, ಬೇಗ ಒಣಗುವುದು ಬೇರೆ ರೋಗಗಳಲ್ಲೂ ಇದೆ. ಸ್ಕ್ಲಿರೋಟಿನಿಯಾ ಕಾಂಡ ಕೊಳೆ, ಬ್ಲ್ಯಾಕ್‌ಲೆಗ್, ಬರೀ ನೀರಿನ ಕೊರತೆ ಕೂಡ ಹಾಗೇ ಕಾಣುತ್ತವೆ. ಹೊಲದ ಅಂಚಿನಲ್ಲಿ ಗಾಡಿ ನಿಲ್ಲಿಸಿ ನೋಡಿದವರು ಬಿಸಿಲು ಜಾಸ್ತಿ ಆಯಿತು ಅಂತ ಹೇಳಿ ಹೋಗಬಹುದು. ಬೇರು ಕೀಳದೆ ಕ್ಲಬ್‌ರೂಟ್ ಗೊತ್ತಾಗುವುದೇ ಇಲ್ಲ.

ಅನುಮಾನದ ಹೊಲಗಳ ಗಂಟುಗಳು ಆಲ್ಬರ್ಟಾ ವಿಶ್ವವಿದ್ಯಾಲಯದ ಸ್ಟೀಫನ್ ಸ್ಟ್ರೆಲ್ಕೋವ್ ಮತ್ತು ಅವರ ಜೊತೆಗಾರರ ಕೈಗೆ ಹೋದವು. ಅದರಿಂದ ಬೀಜಕ ತೆಗೆದು, ಹಸಿರುಮನೆಯಲ್ಲಿ ಮಾರುಕಟ್ಟೆಯ ನಿರೋಧಕ ತಳಿಗಳ ಮೇಲೆ ಹಾಕಿ, ವಾರಗಟ್ಟಲೆ ಕಾದರು. ಗಂಟು ಬಂತು. ಒಂದೆರಡು ತಳಿಗಲ್ಲ, ಪರೀಕ್ಷಿಸಿದ ನಿರೋಧಕ ತಳಿಗಳಿಗೆಲ್ಲ ಬಂತು. ಎಲ್ಲ ತಳಿಗಳೂ ಒಟ್ಟಿಗೆ ಸೋತವು ಅನ್ನುವುದೇ ಅವುಗಳ ಒಳಗಿನ ತಡೆ ಒಂದೇ ಅನ್ನುವುದಕ್ಕೆ ದೊಡ್ಡ ಸುಳಿವಾಗಿತ್ತು.

ಆಮೇಲೆ ಈ ರೋಗಾಣು ಯಾವ ಬಗೆ ಅಂತ ನೋಡಲು ಹೊರಟಾಗ ಇನ್ನೊಂದು ತೊಡಕು ಬಂತು. ಬಗೆ ಗುರುತಿಸಲು ಬಳಸುತ್ತಿದ್ದದ್ದು 1966ರಲ್ಲಿ ವಿಲಿಯಮ್ಸ್ ರೂಪಿಸಿದ ವಿಧಾನ. ಎರಡು ಎಲೆಕೋಸು ತಳಿ, ಎರಡು ರುಟಾಬಾಗಾ (ಎಲೆಕೋಸಿನ ನೆಂಟನಾದ ಗೆಡ್ಡೆ ತರಕಾರಿ) ತಳಿ, ಒಟ್ಟು ನಾಲ್ಕು ಗಿಡ. ಯಾವುದಕ್ಕೆ ಗಂಟು ಬಂತು ಯಾವುದಕ್ಕೆ ಬರಲಿಲ್ಲ ಅನ್ನುವುದರ ಮೇಲೆ ಬಗೆಯ ಸಂಖ್ಯೆ. ಆ ಪರೀಕ್ಷೆಯಲ್ಲಿ ಹೊಸ ರೋಗಾಣು ಹಳೆಯ 5ನೇ ಬಗೆ ಅಂತಲೇ ತೋರಿಸಿತು. ಆದರೆ ಹಳೆಯ 5ನೇ ಬಗೆಗೆ ನಿರೋಧಕ ತಳಿ ಬಗ್ಗುತ್ತಿರಲಿಲ್ಲ. ಒಂದೇ ಹೆಸರು, ನಡವಳಿಕೆ ಪೂರ್ತಿ ಬೇರೆ. ಆದ್ದರಿಂದಲೇ ಇದಕ್ಕೆ ‘5ಎಕ್ಸ್’ ಅಂತ ಕರೆದರು. ನನಗೆ ಈ ಪ್ರಕರಣದಲ್ಲಿ ಬಹಳ ಕಾಡಿದ ಭಾಗ ಇದು. ಅಳೆಯುವ ಕೋಲು ಎಲೆಕೋಸಿನ ಕಾಲದ್ದು, ಅಳೆಯಬೇಕಾದದ್ದು ಕನೋಲಾದ ರೋಗ. ಕನೋಲಾದ ಒಂದು ನಿರೋಧಕ ತಳಿಯೂ ಆ ನಾಲ್ಕರಲ್ಲಿ ಇರಲಿಲ್ಲ. ನಾಳೆ ನಿರೋಧಕ ತಳಿಗೆ ಗಂಟು ಹಾಕುವ ರೋಗಾಣು ಇವತ್ತೇ ಮಣ್ಣಿನಲ್ಲಿದ್ದರೂ ಆ ಪರೀಕ್ಷೆಗೆ ಅದು ಕಾಣುತ್ತಲೇ ಇರಲಿಲ್ಲ.

2018ರಲ್ಲಿ ಇದೇ ತಂಡ ಕೆನಡಾದ್ದೇ ಆದ ಹೊಸ ಗಿಡಗಳ ಗುಂಪನ್ನು ಪ್ರಕಟಿಸಿತು. ಅದರಲ್ಲಿ 13 ಗಿಡಗಳಿವೆ. ಮೆಂಡೆಲ್ ಇದೆ, 45ಎಚ್29 ಕೂಡ ಇದೆ. ಅದರ ಪ್ರಕಾರ ಬಗೆಗೆ ಸಂಖ್ಯೆಯ ಜೊತೆ ಒಂದು ಅಕ್ಷರ ಸೇರಿಸುತ್ತಾರೆ. ಹಳೆಯ 3ನೇ ಬಗೆ ಈಗ 3ಎಚ್. ಅದರ ಪಕ್ಕದಲ್ಲೇ ನಿರೋಧಕ ತಳಿಗೆ ಗಂಟು ಹಾಕುವ 3ಎ, 3ಡಿ ಮುಂತಾದ ಬಗೆಗಳು ಸಿಕ್ಕವು. ಹಳೆಯ ಕೋಲಿನಲ್ಲಿ ಇವೆಲ್ಲ ಸುಮ್ನೆ ‘3’ ಅಂತ ಒಂದೇ ರಾಶಿಯಲ್ಲಿ ಬೀಳುತ್ತಿದ್ದವು.

ಯಾಕೆ ಇಷ್ಟು ಬೇಗ

ಈ ಪ್ರಶ್ನೆಗೆ ಎರಡು ಉತ್ತರ ಸಾಧ್ಯ ಇತ್ತು. ರೋಗಾಣು ಬದಲಾಗಿ ಹೊಸ ಗುಣ ಪಡೆಯಿತು ಅನ್ನುವುದು ಒಂದು. ಆ ಗುಣ ಇದ್ದ ರೋಗಾಣು ಮೊದಲೇ ಬೆರಳೆಣಿಕೆಯಷ್ಟು ಇತ್ತು, ತಳಿ ಅದನ್ನೇ ಆರಿಸಿ ಬೆಳೆಸಿತು ಅನ್ನುವುದು ಇನ್ನೊಂದು. ಆಮೇಲೆ ನಡೆದ ಆನುವಂಶಿಕ ಅಧ್ಯಯನಗಳಲ್ಲಿ ನಿರೋಧಕ ತಳಿ ಮುರಿಯುವ ಬಗೆಗಳು ಹಳೆಯ ಬಗೆಗಳಿಗಿಂತ ಸ್ಪಷ್ಟವಾಗಿ ಬೇರೆ ಗುಂಪಿಗೆ ಸೇರಿದ್ದವು. ನಾಲ್ಕು ವರ್ಷದಲ್ಲಿ ಹೊಸದಾಗಿ ಹುಟ್ಟಿದ್ದು ಅನ್ನುವುದಕ್ಕಿಂತ ಮೊದಲೇ ಮಣ್ಣಿನಲ್ಲಿ ಇತ್ತು ಅನ್ನುವುದೇ ಇದಕ್ಕೆ ಹೊಂದುತ್ತದೆ.

ಹಾಗಾದರೆ ಲೆಕ್ಕ ಸುಲಭ. ಒಂದು ಗ್ರಾಂ ಮಣ್ಣಿನಲ್ಲಿ ಹತ್ತು ಲಕ್ಷ ಬೀಜಕ ಇರುವ ಹೊಲ ಅಂದುಕೊಳ್ಳಿ. ಅದರಲ್ಲಿ ಒಂದೇ ಒಂದು ಬೀಜಕಕ್ಕೆ ನಿರೋಧಕ ತಳಿಯನ್ನು ದಾಟುವ ಗುಣ ಇದೆ ಅಂದುಕೊಳ್ಳಿ. ದುರ್ಬಲ ತಳಿ ಬಿತ್ತಿದರೆ ಆ ಒಂದಕ್ಕೆ ಯಾವ ಲಾಭವೂ ಇಲ್ಲ, ಉಳಿದವುಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ನಿರೋಧಕ ತಳಿ ಬಿತ್ತಿದ ದಿನದಿಂದ ಹೆಚ್ಚುವುದು ಅದೊಂದೇ. ತಳಿ ಜರಡಿಯ ಹಾಗೆ ಕೆಲಸ ಮಾಡುತ್ತದೆ, ದೊಡ್ಡ ರಾಶಿಯನ್ನು ತಡೆದು ಸಣ್ಣದನ್ನು ಮಾತ್ರ ಕೆಳಗೆ ಬಿಡುತ್ತದೆ. ಮೊದಲ ಸಲ ಒಂದೆರಡು ಗಿಡಕ್ಕೆ ಸಣ್ಣ ಗಂಟು. ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಗಂಟು ಒಡೆದು ಕೋಟಿಗಟ್ಟಲೆ ಅದೇ ಬಗೆಯ ಬೀಜಕ ಬೀಳುತ್ತದೆ. ಒಂದು ವರ್ಷ ಬಿಟ್ಟು ಮತ್ತೆ ಅದೇ ತಡೆ ಇರುವ ಗಿಡ ಅದೇ ಜಾಗಕ್ಕೆ ಬರುತ್ತದೆ. ಎರಡನೇ ಸಲ ಒಂದು ಅಂಗಳದಷ್ಟು ಜಾಗ. ಮೂರನೇ ಸಲ ಹೊಲದ ಅಂಚಿನಿಂದಲೇ ಕಾಣುತ್ತದೆ.

ಎಚ್ಚರಿಕೆ ಇರಲಿಲ್ಲವೇ ಅಂದರೆ, ಇತ್ತು. 2012ರಲ್ಲೇ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಗಿತ್ತು: ಒಂದೇ ನಿರೋಧಕ ಗಿಡದ ಮೇಲೆ ರೋಗಾಣುವನ್ನು ಮತ್ತೆ ಮತ್ತೆ ಹಾಯಿಸಿದರೆ, ಕೆಲವೇ ಸುತ್ತಿನಲ್ಲಿ ರೋಗದ ತೀವ್ರತೆ ಏರುತ್ತದೆ ಅಂತ. ಹಸಿರುಮನೆಯ ಕುಂಡದಲ್ಲಿ ಆದದ್ದು ಆ ಹೊತ್ತಿಗೆ ಹೊಲದಲ್ಲೂ ನಡೆಯುತ್ತಿತ್ತು. ಬೇರೆ ರೋಗದಲ್ಲಿ, ಬೇರೆ ದೇಶದಲ್ಲಿ ಇದೇ ಪಾಠ ಇನ್ನೂ ಮೊದಲೇ ಆಗಿತ್ತು. ಆಸ್ಟ್ರೇಲಿಯಾದಲ್ಲಿ ಬ್ಲ್ಯಾಕ್‌ಲೆಗ್ ರೋಗವನ್ನು ತಡೆಯುತ್ತದೆ ಅಂತ ಬಂದ ‘ಸರ್ಪಾಸ್ 400’ ಅನ್ನುವ ಕನೋಲಾ ತಳಿ 2003ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಐರ್ ಪರ್ಯಾಯ ದ್ವೀಪದಲ್ಲಿ ಕುಸಿದುಬಿದ್ದಿತ್ತು. ಅದೂ ಬಿಡುಗಡೆಯಾಗಿ ಕೆಲವೇ ವರ್ಷದಲ್ಲಿ, ಅದೂ ಒಂದು ಪ್ರಬಲ ಜೀನ್ ಮೇಲೆ ನಿಂತ ತಳಿ. ಅದಾದ ಮೇಲೆ ಆಸ್ಟ್ರೇಲಿಯಾದವರು ತಳಿಗಳನ್ನು ಒಳಗಿನ ನಿರೋಧಕ ಜೀನ್ ಪ್ರಕಾರ ಗುಂಪು ಮಾಡಿ, ಗುಂಪಿನ ಅಕ್ಷರವನ್ನು ರೈತರಿಗೆ ಕೊಡಲು ಶುರು ಮಾಡಿದರು. ಈ ಗುಂಪಿನ ತಳಿ ಹೋದ ಸಲ ಬಿತ್ತಿದ್ದೆ, ಈ ಸಲ ಬೇರೆ ಗುಂಪಿನದ್ದು ಅಂತ ಆಯ್ಕೆ ಮಾಡಲು ಅದರಿಂದ ಆಗುತ್ತದೆ. ಬರೀ ‘ಆರ್’ ನೋಡಿ ಅದು ಸಾಧ್ಯವೇ ಇಲ್ಲ.

ಬೆಳೆ ಬಿಡುವುದರ ಬಗ್ಗೆ ಒಂದು ತಪ್ಪು ತಿಳಿವಳಿಕೆ

ಈ ಪ್ರಕರಣದ ಅತಿ ದೊಡ್ಡ ನಷ್ಟ ಇಲ್ಲಿ ಆಯಿತು ಅನ್ನುವುದು ನನ್ನ ಅನಿಸಿಕೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ಲಬ್‌ರೂಟ್ ಬೀಜಕ ಮಣ್ಣಿನಲ್ಲಿ ಇಪ್ಪತ್ತು ವರ್ಷ ಬದುಕುತ್ತದೆ ಅನ್ನುವ ಮಾತು ಎಲ್ಲ ಕಡೆ ಇತ್ತು. ಅದಕ್ಕೆ ಆಧಾರ ಇತ್ತು. ಸ್ವೀಡನ್‌ನಲ್ಲಿ ವಾಲೆನ್‌ಹಾಮರ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀಜಕಗಳ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಇಳಿಯಲು ಬೇಕಾದ ಕಾಲ, 3.6 ವರ್ಷ, ಸೋಂಕು ಪತ್ತೆಯಾಗದ ಮಟ್ಟಕ್ಕೆ ಇಳಿಯಲು 17.3 ವರ್ಷ ಅಂತ ಬಂದಿತ್ತು. ಇದನ್ನು ಕೇಳಿದ ರೈತ ಏನು ಯೋಚಿಸುತ್ತಾನೆ? ಹೇಗೂ ಹದಿನೇಳು ವರ್ಷ ಹೋಗುವುದಿಲ್ಲ ಅಂದರೆ ಎರಡು ವರ್ಷ ಬೆಳೆ ಬಿಟ್ಟು ಏನು ಪ್ರಯೋಜನ? ನಿರೋಧಕ ಬೀಜ ತಂದು ಬಿತ್ತಿಬಿಡೋಣ. ಈ ತರ್ಕದಲ್ಲಿ ತಪ್ಪಿಲ್ಲ. ಮಾಹಿತಿ ಅರ್ಧ ಇತ್ತು, ಅಷ್ಟೇ.

ಆಮೇಲೆ ಕೆನಡಾದಲ್ಲೇ ಗ್ಯಾರಿ ಪೆಂಗ್ ಮತ್ತಿತರರು 2015ರಲ್ಲಿ ತೋರಿಸಿದ್ದು ಬೇರೆ. ಕನೋಲಾಕ್ಕೆ ಎರಡು ವರ್ಷ ಬಿಡುವು ಕೊಟ್ಟರೆ ಬೀಜಕಗಳ ಸಂಖ್ಯೆ ಶೇಕಡಾ 90ಕ್ಕೂ ಜಾಸ್ತಿ ಇಳಿಯುತ್ತದೆ. ಎರಡೂ ಮಾತು ನಿಜ. ಹೊಸದಾಗಿ ಬಿದ್ದ ಬೀಜಕಗಳಲ್ಲಿ ಹೆಚ್ಚಿನವು ಮೊದಲ ಎರಡು ವರ್ಷದಲ್ಲೇ ಸಾಯುತ್ತವೆ, ಉಳಿದ ಗಟ್ಟಿ ಬೀಜಕಗಳು ಬಹಳ ಕಾಲ ಉಳಿಯುತ್ತವೆ. ನೂರಕ್ಕೆ ನೂರು ತೊಲಗಿಸಲು ದಶಕಗಳು ಬೇಕು, ದೊಡ್ಡ ಪಾಲು ತೊಲಗಿಸಲು ಎರಡೇ ವರ್ಷ ಸಾಕು. ತಳಿಯ ಮೇಲಿನ ಒತ್ತಡ ಇಳಿಸಲು ಬೇಕಾದದ್ದು ಎರಡನೆಯದ್ದು. ಒಂದು ವರ್ಷ ಗೋಧಿ, ಒಂದು ವರ್ಷ ಕನೋಲಾ ಮಾಡುವವನು ಬೀಜಕ ಸಾಯುವ ಕಾಲಕ್ಕೆ ಸರಿಯಾಗಿ ಹೊಸ ಬೇರು ತಂದುಕೊಡುತ್ತಾನೆ. ಇನ್ನೂ ಒಂದು ವರ್ಷ ಕಾದಿದ್ದರೆ ಜರಡಿಗೆ ಬೀಳುವ ರಾಶಿಯೇ ಹತ್ತರಲ್ಲಿ ಒಂದು ಪಾಲು ಆಗುತ್ತಿತ್ತು.

ಬಿಡುವು ಅಂದರೆ ನಿಜವಾದ ಬಿಡುವು ಆಗಬೇಕು. ಗೋಧಿ ಹೊಲದಲ್ಲಿ ತಾನಾಗಿ ಹುಟ್ಟಿದ ಕನೋಲಾ ಗಿಡ, ಸಾಸಿವೆ ಕುಲದ ಕಳೆ ಬೆಳೆದರೆ ರೋಗಾಣುವಿಗೆ ಬಿಡುವು ಸಿಗಲೇ ಇಲ್ಲ. ಅವನ್ನು ಮೊಳೆತ ಎರಡು ಮೂರು ವಾರದೊಳಗೆ, ಗಂಟು ಕಟ್ಟುವ ಮೊದಲೇ ತೆಗೆಯಬೇಕು.

2013ರ ನಂತರ

ಮೊದಲು ಬೆರಳೆಣಿಕೆಯ ಹೊಲಗಳು, ಆಮೇಲೆ ವರ್ಷ ವರ್ಷಕ್ಕೆ ಜಾಸ್ತಿ. ಆಲ್ಬರ್ಟಾದಲ್ಲಿ ಕ್ಲಬ್‌ರೂಟ್ ಖಚಿತವಾದ ಹೊಲಗಳ ಒಟ್ಟು ಸಂಖ್ಯೆ 2018ರ ಹೊತ್ತಿಗೆ 3,000 ದಾಟಿತ್ತು. ನಿರೋಧಕ ತಳಿಯನ್ನು ಮುರಿಯುವ ಬಗೆಗಳಲ್ಲಿ 5ಎಕ್ಸ್ ಮೊದಲು ಸಿಕ್ಕಿದ್ದಾದರೂ ಎಲ್ಲ ಕಡೆ ಹರಡಿದ್ದು ಜಾಸ್ತಿ 3ಎ. ಕಂಪನಿಗಳು ಎರಡನೇ ತಲೆಮಾರಿನ ತಳಿಗಳನ್ನು ತಂದವು, ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ನಿರೋಧಕ ಮೂಲ ಇರುತ್ತದೆ. ರುಟಾಬಾಗಾದಿಂದ ತಂದ, ಎ8 ಕ್ರೋಮೋಸೋಮಿನ ಮೇಲಿರುವ ನಿರೋಧಕ ಶಕ್ತಿಯ ಮೇಲೂ ಕೆಲಸ ನಡೆದಿದೆ. ಒಳ್ಳೆಯದೇ. ಆದರೆ ಯಾವ ತಳಿಯಲ್ಲಿ ಯಾವ ಮೂಲ ಇದೆ ಅಂತ ರೈತನಿಗೆ ಸ್ಪಷ್ಟವಾಗಿ ಹೇಳದಿದ್ದರೆ, ಎರಡು ಜೀನ್ ಇರುವ ತಳಿಯನ್ನೂ ಒಂದನ್ನು ಬಳಸಿದ ಹಾಗೇ ಬಳಸಿ ಮುಗಿಸಿಬಿಡುತ್ತೇವೆ. ಮೊದಲ ಜೀನ್ ಆಗಲೇ ಸೋತಿರುವ ಹೊಲದಲ್ಲಿ ಎರಡು ಜೀನ್ ತಳಿ ಅಂದರೂ ಕೆಲಸ ಮಾಡುವುದು ಒಂದೇ.

ಹೊಲದ ಮಟ್ಟದಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಂದು ಉಪಾಯ ಬಹಳ ಸರಳ. ರೋಗ ಹೊಲದ ಬಾಯಿಯಲ್ಲೇ ಶುರುವಾಗುವುದರಿಂದ ಆ ತುಂಡು ಜಾಗವನ್ನು ಬಹುವಾರ್ಷಿಕ ಹುಲ್ಲಿಗೆ ಬಿಡುವುದು. ಹುಲ್ಲಿಗೆ ಈ ರೋಗ ಇಲ್ಲ, ಮಣ್ಣು ಚಕ್ರಕ್ಕೆ ಮೆತ್ತುವುದೂ ಕಡಿಮೆ. ಸಾಧ್ಯ ಇದ್ದರೆ ಹೊಲಕ್ಕೆ ಒಳಗೆ ಹೋಗುವ ದಾರಿ ಒಂದು, ಹೊರಗೆ ಬರುವ ದಾರಿ ಇನ್ನೊಂದು. ಸಣ್ಣ ಜಾಗದಲ್ಲಿ ಸುಣ್ಣ ಹಾಕಿ ಮಣ್ಣಿನ ಪಿಎಚ್ 7.2ಕ್ಕಿಂತ ಮೇಲೆ ತಂದರೆ ಬೀಜಕ ಮೊಳೆಯುವುದು ಕಡಿಮೆಯಾಗುತ್ತದೆ. ಇಡೀ ಹೊಲಕ್ಕೆ ಸುಣ್ಣ ಹಾಕುವುದು ಟನ್‌ಗಟ್ಟಲೆಯ ಮಾತು, ಒಂದು ತುಂಡಿಗೆ ಆಗುತ್ತದೆ.

ಈ ಪ್ರಕರಣವನ್ನು ಹಿಂದಿನಿಂದ ಮುಂದಕ್ಕೆ ಓದಿದಾಗ ನನಗೆ ಕಾಣುವುದು ಕೈಬಿಟ್ಟುಹೋದ ಒಂದು ಅವಧಿ. ಮೊದಲ ಸಲ ಒಂದೆರಡು ಗಿಡಕ್ಕೆ ಗಂಟು ಬಂದಿತ್ತಲ್ಲ, ಆಗ ಆ ಜಾಗ ಒಂದು ಕೋಣೆಯಷ್ಟು ದೊಡ್ಡದೂ ಇದ್ದಿರಲಿಕ್ಕಿಲ್ಲ. ಗಿಡ ಕಿತ್ತು, ಚೀಲದಲ್ಲಿ ತುಂಬಿ ಹೊಲದಿಂದ ಆಚೆ ತೆಗೆದುಕೊಂಡು ಹೋಗಿ, ಸುತ್ತ ಗೂಟ ನೆಟ್ಟು ಹುಲ್ಲು ಬಿತ್ತಿದ್ದರೆ ಅಲ್ಲೇ ನಿಲ್ಲಿಸಬಹುದಿತ್ತು. ಆ ಗಿಡಗಳನ್ನು ಯಾರೂ ನೋಡಲಿಲ್ಲ. ನಿರೋಧಕ ತಳಿ ಬಿತ್ತಿದ ಹೊಲದಲ್ಲಿ ಬೇರು ಕಿತ್ತು ನೋಡುವ ಅಗತ್ಯವೇ ಇಲ್ಲ ಅನ್ನುವ ಭಾವನೆ ಇತ್ತು. ನಿಜಕ್ಕೂ ಬೇರು ಕೀಳಬೇಕಾದದ್ದು ಅಂಥ ಹೊಲದಲ್ಲೇ, ಕಟಾವಿಗೆ ಎರಡು ವಾರ ಇರುವಾಗ, ಗೇಟಿನಿಂದ ಶುರು ಮಾಡಿ, ಬಾಡಿದ ಗಿಡವನ್ನೂ ಬಾಡದ ಗಿಡವನ್ನೂ.